ಶಾಂಪೂ ಬಾಟಲಿಯೂ ದಾದಿಯ ಕಣ್ಣೂ

ನ್ಯುಮೋನಿಯಾ ಉಲ್ಬಣಿಸಿದ ಮಗು ಉಸಿರು ಬಿಡುವಾಗಲೆಲ್ಲ ಸಣ್ಣಗೆ ನರಳುತ್ತದೆ. ನೋವಿಗೆ ನರಳುತ್ತಿದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಆದರೆ ಅದು ಮಗುವಿನ ದೇಹ ತನಗೆ ತಾನೇ ಮಾಡಿಕೊಳ್ಳುತ್ತಿರುವ ಚಿಕಿತ್ಸೆ.

ಶ್ವಾಸಕೋಶದ ತುದಿಗಳಲ್ಲಿರುವ ಪುಟ್ಟ ಗಾಳಿಚೀಲಗಳು ಸೋಂಕಿನಿಂದ ಕೀವು, ನೀರು ತುಂಬಿ ಮುದುಡಿಕೊಳ್ಳುತ್ತವೆ. ಬಲೂನಿಗೆ ಮೊದಲ ಸಲ ಗಾಳಿ ತುಂಬುವಾಗಲೇ ಹೆಚ್ಚು ಕಷ್ಟ; ತುಸು ಉಬ್ಬಿದ ಮೇಲೆ ಸಲೀಸು. ಮುದುಡಿದ ಗಾಳಿಚೀಲದ ಪಾಡೂ ಹಾಗೆಯೇ. ಅದಕ್ಕೆಂದೇ ಮಗು ಉಸಿರು ಬಿಡುವಾಗ ಗಂಟಲ ದ್ವಾರವನ್ನು ಅರ್ಧ ಮುಚ್ಚಿ, ಒಳಗೆ ಒಂದಿಷ್ಟು ಒತ್ತಡ ಉಳಿಸಿಕೊಂಡು, ಚೀಲಗಳು ಪೂರ್ತಿ ಮುದುಡದಂತೆ ನೋಡಿಕೊಳ್ಳುತ್ತದೆ. ನಮಗೆ ನರಳಿಕೆಯಾಗಿ ಕೇಳಿಸುವುದು ಈ ಸೆಣಸಾಟ. ಹಾಗೆ ಸೆಣಸಿ ಸೆಣಸಿ ಮಗು ಸುಸ್ತಾದಾಗ ಅಪಾಯ ಹತ್ತಿರವಾಗುತ್ತದೆ.

ಈ ಒತ್ತಡವನ್ನು ಹೊರಗಿನಿಂದ ಕೊಡುವ ವಿಧಾನವೇ ಸಿಪ್ಯಾಪ್. ಅಮೆರಿಕದ ವೈದ್ಯ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಉಸಿರಾಟದ ತೊಂದರೆಯಿದ್ದ ನವಜಾತ ಶಿಶುಗಳಿಗೆ ಇದನ್ನು ಕೊಟ್ಟು, 1971ರಲ್ಲಿ ವರದಿ ಪ್ರಕಟಿಸಿದರು. 20 ಶಿಶುಗಳಲ್ಲಿ 16 ಬದುಕಿದವು.

ಬಾಂಗ್ಲಾದೇಶದ ವೈದ್ಯ ಮೊಹಮ್ಮದ್ ಜೊಬಾಯರ್ ಚಿಸ್ತಿ 1996ರಲ್ಲಿ ಸಿಲ್ಹೆಟ್‌ನಲ್ಲಿ ತರಬೇತಿಯಲ್ಲಿದ್ದಾಗ, ಒಂದೇ ರಾತ್ರಿ ಮೂವರು ಮಕ್ಕಳು ನ್ಯುಮೋನಿಯಾದಿಂದ ಸತ್ತದ್ದನ್ನು ಕಂಡರು. ಅಂಥ ಮಕ್ಕಳ ಉಸಿರಿಗೆ ಆಸರೆಯಾಗುವ ವೆಂಟಿಲೇಟರ್ ದುಬಾರಿ ಯಂತ್ರ. ಮುಂದೆ ಮೆಲ್ಬರ್ನ್‌ನಲ್ಲಿ ಸಿಪ್ಯಾಪ್‌ನ ಒಂದು ಬಗೆಯಾದ ಬಬಲ್ ಸಿಪ್ಯಾಪ್ ಕಂಡ ಅವರು, ಅದನ್ನೇ ಢಾಕಾದ ಆಸ್ಪತ್ರೆಯಲ್ಲಿ ಖಾಲಿ ಶಾಂಪೂ ಬಾಟಲಿಯಿಂದ ಮಾಡಿದರು.

ಅದರ ರಚನೆ ಸರಳ. ಮೂಗಿಗಿಟ್ಟ ನಳಿಕೆಯಿಂದ ಆಮ್ಲಜನಕ ಒಳಹೋಗುತ್ತದೆ. ಹೊರಬರುವ ಗಾಳಿಯ ಕೊಳವೆಯ ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ತುದಿ 5 ಸೆಂಟಿಮೀಟರ್ ಆಳದಲ್ಲಿದ್ದರೆ, ಅಷ್ಟು ನೀರಿನ ಒತ್ತಡವನ್ನು ಮೀರಿಯೇ ಗಾಳಿ ಹೊರಬರಬೇಕು. ಆ ಒತ್ತಡವೇ ಗಾಳಿಚೀಲಗಳನ್ನು ತೆರೆದಿಡುತ್ತದೆ. ನೀರಲ್ಲಿ ಗುಳ್ಳೆ ಏಳುತ್ತಿದ್ದರೆ ಒತ್ತಡ ಸಿಗುತ್ತಿದೆ ಎಂದರ್ಥ. ಗುಳ್ಳೆ ನಿಂತರೆ ನಳಿಕೆ ಜಾರಿರಬಹುದು, ಎಲ್ಲೋ ಗಾಳಿ ಸೋರುತ್ತಿರಬಹುದು.

ಢಾಕಾದಲ್ಲಿ ಐದು ವರ್ಷದೊಳಗಿನ 225 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮಾಮೂಲಿ ವಿಧಾನದಲ್ಲಿ ಆಮ್ಲಜನಕ ಪಡೆದವರಲ್ಲಿ ಶೇ. 15ರಷ್ಟು ಮಕ್ಕಳು ತೀರಿಕೊಂಡರೆ, ಬಬಲ್ ಸಿಪ್ಯಾಪ್ ಪಡೆದವರಲ್ಲಿ ಸಾವು ಶೇ. 4 ಮಾತ್ರ. ಸಾವಿನ ಅಂತರ ಕಂಡು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಆಫ್ರಿಕಾದ ಮಲಾವಿಯ ಜಿಲ್ಲಾ ಆಸ್ಪತ್ರೆಯೊಂದರಲ್ಲಿ, ನ್ಯುಮೋನಿಯಾದ ಜೊತೆಗೆ ಅಪೌಷ್ಟಿಕತೆ, ಎಚ್‌ಐವಿ ಅಥವಾ ಆಮ್ಲಜನಕದ ತೀವ್ರ ಕೊರತೆಯಿದ್ದ 644 ಮಕ್ಕಳ ಮೇಲೆ ಬಬಲ್ ಸಿಪ್ಯಾಪ್ ಪರೀಕ್ಷಿಸಿದರು. 2019ರ ವರದಿ ತದ್ವಿರುದ್ಧವಾಗಿತ್ತು: ಸಿಪ್ಯಾಪ್ ಪಡೆದವರಲ್ಲಿ ಸಾವು ಶೇ. 17, ಮಾಮೂಲಿ ಆಮ್ಲಜನಕ ಪಡೆದವರಲ್ಲಿ ಶೇ. 11.

ತತ್ವ ಒಂದೇ, ಫಲ ಬೇರೆ. ಮಲಾವಿಯ ಮಕ್ಕಳಲ್ಲಿ ಎಚ್‌ಐವಿಯಂಥ ಬೇರೆ ತೊಂದರೆಗಳೂ ಇದ್ದವು. ಜೊತೆಗೆ, ಢಾಕಾದಲ್ಲಿ ಪಳಗಿದ ವೈದ್ಯರು, ದಾದಿಯರು ಹಗಲಿರುಳು ನಿಗಾ ಇಟ್ಟಿದ್ದರು. ಮಲಾವಿಯ ವಾರ್ಡಿನಲ್ಲಿ ವೈದ್ಯರು ಸದಾ ಹತ್ತಿರವಿರಲಿಲ್ಲ. ಒತ್ತಡದ ಗಾಳಿ ಹೊಟ್ಟೆಗೂ ನುಗ್ಗಬಹುದು. ಆಗ ಮಗು ವಾಂತಿ ಮಾಡಿಕೊಂಡು, ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಹೊಟ್ಟೆ ಉಬ್ಬಿದ್ದನ್ನು, ನಳಿಕೆ ಜಾರಿದ್ದನ್ನು, ಮಗು ಸುಸ್ತಾಗುತ್ತಿರುವುದನ್ನು ಬಾಟಲಿ ತಾನಾಗಿ ಹೇಳುವುದಿಲ್ಲ. ಯಾರಾದರೂ ನೋಡುತ್ತಿರಬೇಕು.

ಮಲಾವಿಯ ಪ್ರಯೋಗವನ್ನು ಸೋಲೆಂದು ಬದಿಗಿಡುವುದು ತಪ್ಪು. ಒಂದು ಊರಲ್ಲಿ ಗೆದ್ದ ಚಿಕಿತ್ಸೆಯನ್ನು ಇನ್ನೊಂದು ಊರಲ್ಲಿ ಮತ್ತೆ ಪರೀಕ್ಷಿಸದೆ ಹರಡಬಾರದು ಎಂಬುದನ್ನು ಕಲಿಸಿದ್ದು ಅದೇ.

ಕೋವಿಡ್ ನಂತರ ನಮ್ಮ ರಾಜ್ಯದ ಜಿಲ್ಲಾಸ್ಪತ್ರೆಗಳಲ್ಲೂ ಮಕ್ಕಳ ಐಸಿಯು ಹಾಸಿಗೆಗಳು ಹೆಚ್ಚಿವೆ. ಒಳ್ಳೆಯದೇ. ಆದರೆ ಎಷ್ಟು ಯಂತ್ರ ಬಂತು ಎಂದು ಕೇಳುವ ನಾವು, ರಾತ್ರಿ ಪಾಳಿಯಲ್ಲಿ ಒಬ್ಬ ದಾದಿಗೆ ಎಷ್ಟು ಮಕ್ಕಳು ಎಂದೂ ಕೇಳಬೇಕು. ಮನೆಯಲ್ಲೂ ಒಂದು ಕೆಲಸವಿದೆ: ಕೆಮ್ಮುವ ಮಗು ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2ರಿಂದ 11 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚಾದರೆ ವೈದ್ಯರ ಬಳಿಗೆ ಹೋಗಿ. ಪಕ್ಕೆ ಒಳಸೆಳೆಯುತ್ತಿದ್ದರೆ, ನರಳಿಕೆ ಕೇಳಿಸಿದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ.