ದ್ವೇಷದ ಅಪರಾಧ: ರಕ್ಷಣೆಗೆ ಸರ್ಕಾರದ ಹಣ ಹೇಗೆ ಬರುತ್ತದೆ?



ತೆರೆಯ ಮೇಲಿನ ಮಾತು ಬೇಗ ಸರಿದುಹೋಗುತ್ತದೆ. ಆದ್ದರಿಂದ ಮುಖ್ಯವಾದ ಕೆಲವು ಅಂಶಗಳನ್ನು ಇಲ್ಲಿ ನಿಧಾನವಾಗಿ ನೋಡೋಣ.

ಮೊದಲು ಒಂದು ಪ್ರಶ್ನೆ. ಕಳ್ಳತನಕ್ಕೂ ದ್ವೇಷದ ಅಪರಾಧಕ್ಕೂ ಏನು ವ್ಯತ್ಯಾಸ? 2013ರಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಬೆಲೆಬಾಳುವ ಜಿನಬಿಂಬಗಳು ಕಳುವಾದವು. ಜೈನ ಸಮಾಜಕ್ಕೆ ಅದು ದೊಡ್ಡ ನೋವು. ಆದರೆ ಕಳ್ಳನಿಗೆ ಬೇಕಾಗಿದ್ದದ್ದು ವಸ್ತು. ದ್ವೇಷದ ಅಪರಾಧ ಹಾಗಲ್ಲ. ಅಲ್ಲಿ ಒಬ್ಬ ವ್ಯಕ್ತಿಯನ್ನು ಅವನ ಜಾತಿ, ಧರ್ಮ, ಭಾಷೆ ಅಥವಾ ಊರಿನ ಕಾರಣಕ್ಕಾಗಿಯೇ ಗುರಿ ಮಾಡುತ್ತಾರೆ. ಪೆಟ್ಟು ಬೀಳುವುದು ಒಬ್ಬನಿಗೆ. ಹೆದರುವುದು ಅವನ ಜನರೆಲ್ಲರೂ. ಮರುದಿನ ಅಂಗಡಿಗೆ ಹೋಗಲು, ಮಕ್ಕಳನ್ನು ಬಸ್ಸಿಗೆ ಹತ್ತಿಸಲು, ರಾತ್ರಿ ಪಾಳಿಯಿಂದ ಮರಳಲು ಅಂಜಿಕೆ. ಈ ಅಂಜಿಕೆಯನ್ನು ಹೋಗಲಾಡಿಸುವುದು ಸರ್ಕಾರದ ಕರ್ತವ್ಯ. ಕರ್ತವ್ಯಕ್ಕೆ ಹಣ ಬೇಕು. ಆ ಹಣ ಯಾವ ದಾರಿಯಲ್ಲಿ ಬರುತ್ತದೆ?

ಹೊರದೇಶಗಳ ದಾರಿ

ಅಮೆರಿಕದಲ್ಲಿ ಸರ್ಕಾರವು ಪ್ರಾರ್ಥನಾ ಮಂದಿರಗಳಿಗೂ ಸೇವಾ ಸಂಸ್ಥೆಗಳಿಗೂ ಭದ್ರತಾ ಅನುದಾನ ಕೊಡುತ್ತದೆ. 2023ರ ಆರ್ಥಿಕ ವರ್ಷದಲ್ಲಿ ಇದಕ್ಕೆಂದು 30.5 ಕೋಟಿ ಡಾಲರ್ ತೆಗೆದಿರಿಸಲಾಗಿತ್ತು. ಅರ್ಜಿ ಹಾಕಿದ ಸಂಸ್ಥೆ ಕ್ಯಾಮೆರಾ, ಗಟ್ಟಿ ಬಾಗಿಲು, ಬೇಲಿ, ಕಾವಲುಗಾರರಿಗೆ ಆ ಹಣವನ್ನು ಬಳಸಬಹುದು. ಬ್ರಿಟನ್ನಿನಲ್ಲಿ ಯಹೂದಿ ಶಾಲೆ ಹಾಗೂ ಮಂದಿರಗಳ ಕಾವಲಿಗೆ 2015ರಿಂದ ಅನುದಾನವಿದೆ. ಮಸೀದಿಗಳಿಗೆ ಬೇರೊಂದು ಯೋಜನೆ ಇದೆ. ಅಂದರೆ ಅಲ್ಲಿ ಹಣ ಸಮುದಾಯದ ಕೈಗೆ ಹೋಗಿ ಗೋಡೆಯಾಗಿ, ಬಾಗಿಲಾಗಿ ನಿಲ್ಲುತ್ತದೆ.

ನಮ್ಮ ದೇಶದ ದಾರಿ ಬೇರೆ. ಇಲ್ಲಿ ಹಣ ಮುಖ್ಯವಾಗಿ ಪೊಲೀಸ್ ಪಡೆಯಾಗಿ, ಪರಿಹಾರವಾಗಿ, ಸಾಕ್ಷಿಗಳ ಖರ್ಚಾಗಿ ಬರುತ್ತದೆ.

ಮೊದಲನೆಯದು: ಪೊಲೀಸ್ ಪಡೆ

ನಮ್ಮ ಸಂವಿಧಾನದಲ್ಲಿ ಪೊಲೀಸ್ ಇಲಾಖೆ ರಾಜ್ಯದ ವಿಷಯ. ಬಂಟ್ವಾಳ ಮತ್ತು ಬೆಳ್ತಂಗಡಿಯ ಠಾಣೆಗಳು ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರ ಕೆಳಗಿವೆ. ಮೂಡುಬಿದಿರೆ ಠಾಣೆ ಮಾತ್ರ ಮಂಗಳೂರು ನಗರ ಪೊಲೀಸ್ ಕಮಿಷನರರ ವ್ಯಾಪ್ತಿಗೆ ಸೇರಿದೆ. ದೂರು ಕೊಡುವವರಿಗೆ ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ಬಂಟ್ವಾಳ ತಾಲೂಕಿಗೆ ನಿಷೇಧಾಜ್ಞೆಯ ದಿನಗಳು ಹೊಸತಲ್ಲ. 2017ರಲ್ಲಿ ಕಲ್ಲಡ್ಕದ ಗಲಭೆಯ ನಂತರ ಅಲ್ಲಿ ವಾರಗಟ್ಟಲೆ ನಿಷೇಧಾಜ್ಞೆ ಇತ್ತು. 2025ರ ಏಪ್ರಿಲ್ ಕೊನೆಯಲ್ಲಿ ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಗುಂಪೊಂದು ಕೇರಳದ ಯುವಕನನ್ನು ಹೊಡೆದು ಕೊಂದಿತು. ಮೇ ತಿಂಗಳಲ್ಲಿ ಬಜ್ಪೆಯಲ್ಲಿ ಒಬ್ಬರು, ಬಂಟ್ವಾಳ ತಾಲೂಕಿನ ಕೊಳತ್ತಮಜಲಿನಲ್ಲಿ ಇನ್ನೊಬ್ಬರು ಕೊಲೆಯಾದರು. ಸತ್ತವರು ಎರಡೂ ಧರ್ಮದವರು.

ಇದರ ಬೆನ್ನಿಗೇ ರಾಜ್ಯ ಸರ್ಕಾರ ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳಿಗೆ ವಿಶೇಷ ಕಾರ್ಯಪಡೆಯನ್ನು ರಚಿಸಿತು. 2025ರ ಜೂನ್‌ನಲ್ಲಿ ಅದು ಮಂಗಳೂರಿನಲ್ಲಿ ಆರಂಭವಾಯಿತು. ಇದರ ಬಲ 248 ಮಂದಿ. ಇವರನ್ನು ಹೊಸದಾಗಿ ನೇಮಿಸಲಿಲ್ಲ. ನಕ್ಸಲ್ ಚಟುವಟಿಕೆ ಕುಗ್ಗಿದ್ದರಿಂದ, 656 ಹುದ್ದೆಗಳಿದ್ದ ನಕ್ಸಲ್ ನಿಗ್ರಹ ಪಡೆಯಿಂದಲೇ ತೆಗೆದುಕೊಳ್ಳಲಾಯಿತು. ಕಾಡಿನ ಕಾವಲಿಗೆ ಹೋಗುತ್ತಿದ್ದ ಹಣವೇ ಊರಿನ ಶಾಂತಿಗೆ ತಿರುಗಿತು ಎಂದು ನೀವು ಇದನ್ನು ಅರ್ಥಮಾಡಿಕೊಳ್ಳಬಹುದು.

ಎರಡನೆಯದು: ಕಾನೂನೇ ಕೊಡಿಸುವ ಹಣ

ದ್ವೇಷಕ್ಕೆ ಬಹುಕಾಲದಿಂದ ಗುರಿಯಾದ ಸಮುದಾಯಗಳಿಗೆ ನಮ್ಮಲ್ಲಿ ವಿಶೇಷ ಕಾನೂನೊಂದಿದೆ. ಅದು 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆ. ಇದರ ನಿಯಮಗಳು 1995ರಲ್ಲಿ ಬಂದವು. ದೌರ್ಜನ್ಯ ನಡೆಯುವ ಸಂಭವವಿರುವ ಪ್ರದೇಶಗಳನ್ನು ಸರ್ಕಾರ ಮೊದಲೇ ಗುರುತಿಸಬೇಕು, ಅಲ್ಲಿ ಮುನ್ನೆಚ್ಚರಿಕೆ ವಹಿಸಬೇಕು ಎಂದು ಈ ನಿಯಮಗಳು ಹೇಳುತ್ತವೆ.

ಈ ಕಾಯಿದೆ ನಮ್ಮ ಮೂರು ತಾಲೂಕುಗಳಿಗೆ ದೂರದ್ದಲ್ಲ. ತುಳುನಾಡಿನ ಕೊರಗರನ್ನು ‘ಅಜಲು’ ಎಂಬ ಹೆಸರಿನಲ್ಲಿ ಎಷ್ಟೋ ಕಾಲ ಅವಮಾನಿಸಲಾಗುತ್ತಿತ್ತು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದು ಇದರಲ್ಲಿ ಸೇರಿತ್ತು. ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯಿದೆಯ ಮೂಲಕ ಅಜಲು ಪದ್ಧತಿಯನ್ನು ನಿಷೇಧಿಸಿತು. ಕೊರಗರು ಪರಿಶಿಷ್ಟ ಪಂಗಡದವರಾದ್ದರಿಂದ 1989ರ ಕಾಯಿದೆಯ ರಕ್ಷಣೆಯೂ ಅವರಿಗೆ ಉಂಟು.

ಹಣದ ಲೆಕ್ಕ ಹೀಗಿದೆ. 2016ರ ತಿದ್ದುಪಡಿಯಲ್ಲಿ ಪರಿಹಾರದ ಮೊತ್ತವನ್ನು ಅಪರಾಧಕ್ಕೆ ತಕ್ಕಂತೆ 85,000 ರೂಪಾಯಿಯಿಂದ 8.25 ಲಕ್ಷ ರೂಪಾಯಿಯವರೆಗೆ ನಿಗದಿ ಮಾಡಲಾಯಿತು. ಸಾರ್ವಜನಿಕವಾಗಿ ಜಾತಿ ಹೆಸರಿನಲ್ಲಿ ಅವಮಾನಿಸಿದರೆ 1 ಲಕ್ಷ ರೂಪಾಯಿ. ಇದರ ಕಾಲು ಭಾಗವನ್ನು ಎಫ್.ಐ.ಆರ್. ಆದಾಗ, ಅರ್ಧವನ್ನು ದೋಷಾರೋಪ ಪಟ್ಟಿ ಸಲ್ಲಿಸಿದಾಗ, ಉಳಿದ ಕಾಲು ಭಾಗವನ್ನು ಆರೋಪಿಗೆ ಶಿಕ್ಷೆಯಾದಾಗ ಕೊಡಬೇಕು. ತೀರ್ಪು ಬರುವವರೆಗೆ ಬರಿಗೈಯಲ್ಲಿ ಕಾಯುವಂತಾಗಬಾರದು ಎಂಬುದೇ ಇದರ ಉದ್ದೇಶ.

ಇನ್ನೊಂದು ಅಂಶವನ್ನು ಬಹಳ ಜನ ತಿಳಿದಿಲ್ಲ. ಬೆಳ್ತಂಗಡಿಯ ಒಳಗಿನ ಹಳ್ಳಿಯಲ್ಲಿ ಬೀಡಿ ಕಟ್ಟಿ ಬದುಕುವ ಒಬ್ಬ ಹೆಂಗಸು ಇಂಥ ಪ್ರಕರಣದಲ್ಲಿ ಸಾಕ್ಷಿ ಎಂದಿಟ್ಟುಕೊಳ್ಳಿ. ಮಂಗಳೂರಿನ ನ್ಯಾಯಾಲಯಕ್ಕೆ ಹೋಗಬೇಕಾದರೆ ಬಸ್ಸಿನ ಖರ್ಚು, ಒಂದು ದಿನದ ಸಂಪಾದನೆ ಎರಡೂ ಹೋಗುತ್ತವೆ. ನಾಲ್ಕು ಸಲ ಹೀಗಾದರೆ ಐದನೆಯ ಸಲ ಆಕೆ ಹೋಗಲಾರಳು. ಸಾಕ್ಷಿಯಿಲ್ಲದೆ ಪ್ರಕರಣ ಬಿದ್ದುಹೋಗುತ್ತದೆ. ಆದ್ದರಿಂದ ಪ್ರಯಾಣದ ಖರ್ಚನ್ನೂ ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ಭತ್ಯೆಯನ್ನೂ ಸರ್ಕಾರವೇ ಕೊಡಬೇಕೆಂದು ನಿಯಮವಿದೆ. ಅದೂ ಮೂರು ದಿನಗಳೊಳಗೆ. ಬಸ್ಸಿನ ಚಾರ್ಜೂ ರಕ್ಷಣೆಯೇ ಎಂಬುದನ್ನು ಗಮನಿಸಿ.

ಮೂರನೆಯದು: ಗುಂಪು ಹಿಂಸೆಗೆ ಒಳಗಾದವರಿಗೆ

2018ರ ಜುಲೈ 17ರಂದು ಸುಪ್ರೀಂ ಕೋರ್ಟು ಗುಂಪು ಹತ್ಯೆಯ ಬಗ್ಗೆ ಮುಖ್ಯವಾದ ತೀರ್ಪು ಕೊಟ್ಟಿತು. ಪ್ರತಿ ಜಿಲ್ಲೆಯಲ್ಲೂ ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಇದಕ್ಕೆ ಹೊಣೆಯಾಗಬೇಕು, ರಾಜ್ಯಗಳು ಪರಿಹಾರ ಯೋಜನೆ ಮಾಡಬೇಕು, ಮಧ್ಯಂತರ ಪರಿಹಾರ 30 ದಿನಗಳೊಳಗೆ ಸಿಗಬೇಕು ಎಂದು ಅದು ಆದೇಶಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟೂರು ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇದೆ. 2025ರ ಡಿಸೆಂಬರ್‌ನಲ್ಲಿ ರಾಜ್ಯ ವಿಧಾನಮಂಡಲದ ಎರಡೂ ಸದನಗಳು ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಯನ್ನು ಅಂಗೀಕರಿಸಿದವು. ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆ ಎಂದು ವಿರೋಧ ಪಕ್ಷ ಆಕ್ಷೇಪಿಸಿತು. ಎರಡೂ ಕಡೆಯ ವಾದವನ್ನು ನೀವು ಓದಿ ನೋಡಬೇಕು.

ಸಮಾನತೆಯ ಪ್ರಶ್ನೆ

ನಿಯಮದಂತೆ ಬರುವ ಹಣ ಒಂದು. ಆಳುವವರ ಇಚ್ಛೆಯಂತೆ ಬರುವ ಹಣ ಇನ್ನೊಂದು. 2022ರ ಜುಲೈಯಲ್ಲಿ ನಮ್ಮ ಜಿಲ್ಲೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಮೂರು ಕೊಲೆಗಳಾದವು. ಅಂದಿನ ಸರ್ಕಾರ ಒಂದು ಕುಟುಂಬಕ್ಕೆ 25 ಲಕ್ಷ ರೂಪಾಯಿ ಕೊಟ್ಟಿತು. ಉಳಿದ ಎರಡು ಕುಟುಂಬಗಳಿಗೆ ಅಷ್ಟೇ ಮೊತ್ತ ಸಿಕ್ಕಿದ್ದು 2023ರ ಜೂನ್‌ನಲ್ಲಿ, ಸರ್ಕಾರ ಬದಲಾದ ಮೇಲೆ, ಮುಖ್ಯಮಂತ್ರಿಗಳ ಪರಿಹಾರ ನಿಧಿಯಿಂದ. ಜಿಲ್ಲೆಯ ಬೇರೆ ಎರಡು ಕೊಲೆಗಳಲ್ಲಿ ಮಕ್ಕಳನ್ನೋ ಮನೆಯವರನ್ನೋ ಕಳೆದುಕೊಂಡವರಿಗೂ ಆಗಲೇ ಅದು ಸಿಕ್ಕಿತು. ಅವುಗಳಲ್ಲಿ ಒಂದು ಕೊಲೆ 2018ರಲ್ಲಿ ಆಗಿತ್ತು.

ಸತ್ತವನ ಧರ್ಮ ಯಾವುದೇ ಇರಲಿ, ಮನೆಯಲ್ಲಿ ಉಳಿದ ತಾಯಿಯ ಹಸಿವು ಒಂದೇ. ಪರಿಹಾರವು ಕಾನೂನಿನ ಲೆಕ್ಕದಲ್ಲಿ ಬಂದರೆ ಅದು ಹಕ್ಕು. ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡವಾಗಿ ಬಂದರೆ ಅದೇ ಹಣ ಹೊಸ ಅಸಮಾಧಾನಕ್ಕೆ ಬೀಜವಾಗುತ್ತದೆ. ರಕ್ಷಣೆಯ ಹಣಕ್ಕೆ ಸ್ಪಷ್ಟವಾದ ನಿಯಮ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ನೀವು ಮಾಡಬಹುದಾದದ್ದು

ಈ ವಿಷಯಗಳನ್ನು ಮನೆಯಲ್ಲಿ, ನೆರೆಯಲ್ಲಿ ತಿಳಿಸಿ. ತುರ್ತಿಗೆ 112, ಪರಿಶಿಷ್ಟರ ಮೇಲಿನ ದೌರ್ಜನ್ಯದ ದೂರಿಗೆ 14566, ಉಚಿತ ಕಾನೂನು ನೆರವಿಗೆ 15100. ಈ ಮೂರು ಸಂಖ್ಯೆಗಳನ್ನು ಪುಸ್ತಕದ ರಟ್ಟಿನೊಳಗೆ ಬರೆದಿಟ್ಟುಕೊಳ್ಳಿ. ಜಾತಿ ದೌರ್ಜನ್ಯಕ್ಕೆ ಒಳಗಾದವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿದೆ.

ಕೊನೆಯದಾಗಿ, ತರಗತಿಯಲ್ಲಿ ಚರ್ಚಿಸಲು ಒಂದು ಪ್ರಶ್ನೆ: ನಿಮ್ಮ ಊರಿನ ಮಸೀದಿಗೆ, ಚರ್ಚಿಗೆ, ದೈವಸ್ಥಾನಕ್ಕೆ, ಕೊರಗರ ಕಾಲೊನಿಗೆ ಎತ್ತರದ ಗೋಡೆ ಕಟ್ಟಿಸುವುದು ಮೇಲೋ, ಎಲ್ಲರೂ ನಂಬುವಂಥ ಪೊಲೀಸ್ ಠಾಣೆ ಇರುವುದು ಮೇಲೋ? ಒಂದೇ ಉತ್ತರ ಬರಬೇಕೆಂದಿಲ್ಲ. ಆದರೆ ಆ ಚರ್ಚೆಯಲ್ಲಿ ಎಲ್ಲ ಮನೆಗಳ ಮಕ್ಕಳೂ ಇರಲಿ.