ನಿಮಗಿದು ಗೊತ್ತೆ? ಅಮೆಜಾನಿನ ದರ್ಶನಪಾನ

ಅಮೆಜಾನ್ ಮಹಾರಣ್ಯದ ಶಿಪಿಬೋ ಮೊದಲಾದ ಜನಾಂಗಗಳು ರೋಗನಿವಾರಣೆಗೂ ಅದೃಶ್ಯಲೋಕದ ದರ್ಶನಕ್ಕೂ ಸೇವಿಸುವ ‘ಅಯಾಹುವಾಸ್ಕಾ’ ಎಂಬ ಕಷಾಯವು ಸಾಮಾನ್ಯವಾಗಿ ಎರಡು ಸಸ್ಯಗಳ ಸಂಯೋಗದಿಂದ ಸಿದ್ಧವಾಗುತ್ತದೆ. ಒಂದು ಬಳ್ಳಿಯ ಜಜ್ಜಿದ ಕಾಂಡವನ್ನೂ ‘ಚಕ್ರೂನಾ’ ಎಂಬ ಪೊದೆಯ ಎಲೆಗಳನ್ನೂ ಹಂಡೆಯಲ್ಲಿಟ್ಟು, ಗಂಟೆಗಟ್ಟಲೆ ಕುದಿಸಿ, ಕಂದುಬಣ್ಣದ ಕಹಿರಸವಾಗುವವರೆಗೆ ಬತ್ತಿಸುತ್ತಾರೆ. ಆ ಪೊದೆಯಾದರೋ, ನಮಗೆ ಸಕಲೇಶಪುರದ ತೋಟಗಳಿಂದ ಚಿರಪರಿಚಿತವಾದ ಕಾಫಿಗಿಡದ ಕುಟುಂಬಕ್ಕೇ ಸೇರಿದುದು! ಅದರ ಎಲೆಯಲ್ಲಿ ಡಿಎಂಟಿ ಎಂಬ ಭ್ರಾಂತಿಕಾರಕ ದ್ರವ್ಯವಿದ್ದರೂ, ಅದನ್ನಷ್ಟೇ ಕುಡಿದರೆ ದೇಹದ ಕಿಣ್ವವೊಂದು ಅದನ್ನು ನಾಶಗೊಳಿಸುವುದರಿಂದ ಏನೂ ಆಗದು. ಬಳ್ಳಿಯಲ್ಲಿರುವ ಹಾರ್ಮೀನ್ ಆ ಕಿಣ್ವವನ್ನು ತಡೆಹಿಡಿದಾಗಲೇ ದರ್ಶನಗಳು ತೋರತೊಡಗುವುವು. ಅಸಂಖ್ಯ ಸಸ್ಯಗಳ ನಡುವೆ ಈ ಜೋಡಿಯನ್ನು ಪ್ರಯೋಗಶಾಲೆಯ ನೆರವಿಲ್ಲದೆ ಕಂಡುಕೊಂಡ ಆ ವನವಾಸಿಗಳ ಜ್ಞಾನವು ನಿಜಕ್ಕೂ ವಂದನೀಯವಾದುದು. ರಾತ್ರಿಯಲ್ಲಿ ವೈದ್ಯನು ‘ಇಕಾರೋ’ ಗೀತೆಗಳನ್ನು ಹಾಡುತ್ತ ನಡೆಸುವ ಈ ವಿಧಿಯಲ್ಲಿ ವಾಂತಿಯೂ ಶುದ್ಧಿಯೆಂದೇ ಪರಿಗಣಿತ. ಆದರೆ ಈ ಕಷಾಯವು ಖಿನ್ನತೆಗೆ ಕೊಡುವ ಕೆಲವು ಔಷಧಗಳೊಡನೆ ಬೆರೆತರೆ ಪ್ರಾಣಾಪಾಯವೂ ಉಂಟು. ಆಂಗ್ಲ ಸಸ್ಯಶಾಸ್ತ್ರಜ್ಞ ರಿಚರ್ಡ್ ಸ್ಪ್ರೂಸ್ 1852ರಲ್ಲಿ ವಾಪೇಸ್ ನದಿಯ ತೀರದ ತುಕಾನೋ ಜನರಲ್ಲಿ ಈ ಬಳ್ಳಿಯ ಪಾನವನ್ನು ಕಂಡು ಮಾದರಿಗಳನ್ನು ಸಂಗ್ರಹಿಸಿದನು. ಪೆರು ದೇಶವು 2008ರಲ್ಲಿ ಇದರ ಸಾಂಪ್ರದಾಯಿಕ ಜ್ಞಾನವನ್ನೂ ಬಳಕೆಯನ್ನೂ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು.