ಆರೋಪ ಬದಲಾದರೂ ಬದಲಾಗದ ತೀರ್ಪು

ಹಳೆಯ ಕಾದಂಬರಿಯೊಂದನ್ನು ಕೈಗೆತ್ತಿಕೊಂಡು ಅದರ ಪಾತ್ರಗಳು ಅದುಮಿಟ್ಟ ಕಾಮವನ್ನು ಹೊರಗೆಳೆಯುವುದು ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ವಿಮರ್ಶೆಯ ಅಚ್ಚುಮೆಚ್ಚಿನ ಉದ್ಯೋಗಗಳಲ್ಲೊಂದು. ಫ್ರಾಯ್ಡ್ ತೋರಿಸಿದ ಈ ದಾರಿಯಿಂದ ಸಾಹಿತ್ಯಕ್ಕೆ ಲಾಭವೇ ಆಗಿಲ್ಲವೆಂದು ಯಾರೂ ಹೇಳಲಾರರು. ನನ್ನ ತಕರಾರು ಇರುವುದು ಪುರಾವೆಯ ವಿಷಯದಲ್ಲಿ.

ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಇದಕ್ಕೆ ಒಳ್ಳೆಯ ನಿದರ್ಶನ. ಹಳ್ಳಿಗಾಡಿನ ದೊಡ್ಡ ಬಂಗಲೆಯಲ್ಲಿ ಇಬ್ಬರು ಅನಾಥ ಮಕ್ಕಳನ್ನು ನೋಡಿಕೊಳ್ಳಲು ಬಂದ ತರುಣ ಶಿಕ್ಷಕಿಗೆ, ಸತ್ತುಹೋದ ಸೇವಕ ಪೀಟರ್ ಕ್ವಿಂಟ್ ಮತ್ತು ಹಿಂದಿನ ಶಿಕ್ಷಕಿ ಮಿಸ್ ಜೆಸೆಲ್ ಕಾಣಿಸಿಕೊಳ್ಳುತ್ತಾರೆ. ಓದುಗರು ಇದನ್ನು ಬಹುಕಾಲ ಭೂತದ ಕಥೆಯೆಂದೇ ಓದಿದರು. 1934ರಲ್ಲಿ ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ ಬೇರೆಯೇ ಅರ್ಥ ಹೇಳಿದ. ಭೂತಗಳು ಇಲ್ಲವೇ ಇಲ್ಲ. ಲಂಡನ್ನಿನ ಯಜಮಾನನಲ್ಲಿ ಅನುರಕ್ತಳಾಗಿ, ಅದನ್ನು ಒಪ್ಪಿಕೊಳ್ಳಲಾರದ ಹೆಣ್ಣಿನ ಭ್ರಮೆಗಳವು ಎಂದ. ಗಂಡು ಭೂತ ಗೋಪುರದ ಮೇಲೆ, ಹೆಣ್ಣು ಭೂತ ಕೆರೆಯ ದಡದಲ್ಲಿ ಕಾಣಿಸಿಕೊಳ್ಳುವುದು ಅವನಿಗೆ ಸಾಕ್ಷ್ಯ. ಪುಟ್ಟ ಫ್ಲೋರಾ ಆಟದ ದೋಣಿ ಮಾಡಲು ಮರದ ಚೂರಿನ ತೂತಿಗೆ ಇನ್ನೊಂದು ಚೂರನ್ನು ಸಿಕ್ಕಿಸುವುದೂ ಸಾಕ್ಷ್ಯವೇ. ಮಕ್ಕಳ ಆಟದ ಸಾಮಾನಿಗೂ ಬಿಡುಗಡೆಯಿಲ್ಲ!

ಆದರೆ ಕಥೆಯಲ್ಲಿ ಒಂದು ತೊಡಕಿದೆ. ತಾನು ಕಂಡ ಅಪರಿಚಿತನ ಕೆಂಪು ಕೂದಲು, ಬಿಳಿಚಿದ ಉದ್ದ ಮುಖ ಇತ್ಯಾದಿಗಳನ್ನು ಶಿಕ್ಷಕಿ ವರ್ಣಿಸುತ್ತಾಳೆ. ಮನೆವಾರ್ತೆ ನೋಡಿಕೊಳ್ಳುವ ಶ್ರೀಮತಿ ಗ್ರೋಸ್ ಅದನ್ನು ಕೇಳಿದೊಡನೆ ಕ್ವಿಂಟ್‌ನ ಹೆಸರು ಹೇಳುತ್ತಾಳೆ. ಎಂದೂ ನೋಡದ ಮನುಷ್ಯನ ಚಹರೆ ಭ್ರಮೆಯಲ್ಲಿ ಇಷ್ಟು ಕರಾರುವಾಕ್ಕಾಗಿ ಮೂಡೀತೆ? ವಿಲ್ಸನ್ ಕೊಟ್ಟ ಸಮಾಧಾನ ದುರ್ಬಲವಾಗಿತ್ತು. 1947ರಲ್ಲಿ ಜೇಮ್ಸ್‌ನ ಟಿಪ್ಪಣಿ ಪುಸ್ತಕಗಳು ಅಚ್ಚಾದವು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಬೆನ್ಸನ್ ಹೇಳಿದ ಭೂತದ ಕಥೆಯೊಂದನ್ನು ಜೇಮ್ಸ್ 1895ರ ಜನವರಿಯಲ್ಲೇ ಗುರುತು ಹಾಕಿಕೊಂಡಿದ್ದ. ಆಗ ವಿಲ್ಸನ್, ಲೇಖಕನ ಉದ್ದೇಶ ಭೂತದ ಕಥೆಯೇ ಎಂದು 1948ರಲ್ಲಿ ಒಪ್ಪಿದ. ಆದರೆ ಲೇಖಕ ತನಗೇ ಅರಿವಿಲ್ಲದೆ ಆತ್ಮವಂಚನೆ ಮಾಡಿಕೊಂಡನೆಂದು ಸೇರಿಸಿದ. ಸೇವಕನ ಚಹರೆಯನ್ನು ಶಿಕ್ಷಕಿ ಊರವರಿಂದ ತಿಳಿದಿರಬಹುದೆಂದು ಬೇರೊಬ್ಬ ವಿಮರ್ಶಕ ವಾದಿಸಿದ ಮೇಲೆ, 1959ರಲ್ಲಿ ಮತ್ತೆ ಮೊದಲಿನ ನಿಲುವಿಗೇ ಮರಳಿ, ಜೇಮ್ಸ್‌ಗೆ ಎಲ್ಲ ಗೊತ್ತಿತ್ತು ಎಂದ.

ಇಲಾಖಾ ವಿಚಾರಣೆಗಳ ಕಡತಗಳನ್ನು ಕಂಡವರಿಗೆ ಇದು ಪರಿಚಿತ ವರಸೆ. ಆರೋಪಪಟ್ಟಿಯನ್ನು ಎರಡು ಸಲ ತಿದ್ದಿಯೂ ತೀರ್ಪಿನ ಒಂದಕ್ಷರ ಬದಲಿಸದ ವಿಚಾರಣಾಧಿಕಾರಿಯ ವರದಿ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಅರ್ಥಶಾಸ್ತ್ರದಲ್ಲಿಯೂ ಸ್ಯಾಮ್ಯುಯೆಲ್‌ಸನ್ 1938ರಲ್ಲಿ, ಗ್ರಾಹಕನ ಮನಸ್ಸಿನೊಳಗೆ ಇಣುಕುವುದನ್ನು ಬಿಟ್ಟು ಅವನು ಆರಿಸಿಕೊಂಡದ್ದನ್ನು ನೋಡಿ ಎಂದ. ಪಾತ್ರಗಳ ವಿಷಯದಲ್ಲಿಯೂ ಇದು ಅಷ್ಟೇನೂ ಕೆಟ್ಟ ಸಲಹೆಯಲ್ಲ.

ಆರಿಸಿಕೊಂಡದ್ದನ್ನು ಮರೆತರೆ ಆಗುವ ನಷ್ಟ ಮಾರ್ಕ್ ಟ್ವೈನ್‌ನ ‘ಹಕಲ್‌ಬೆರಿ ಫಿನ್’ ಕಾದಂಬರಿಯಲ್ಲಿ ಎದ್ದು ಕಾಣುತ್ತದೆ. ತಪ್ಪಿಸಿಕೊಂಡು ಬಂದ ಗುಲಾಮ ಜಿಮ್, ಜೊತೆಯ ಹುಡುಗ ಹಕ್‌ನನ್ನು ‘ಹನಿ’ ಎಂದು ಕರೆಯುತ್ತಾನೆ. ಆ ಕರೆಯನ್ನೇ ಶೀರ್ಷಿಕೆಯಲ್ಲಿಟ್ಟು ಲೆಸ್ಲಿ ಫೀಡ್ಲರ್ 1948ರಲ್ಲಿ ಬರೆದ ಪ್ರಬಂಧ, ಆ ಸ್ನೇಹದಲ್ಲಿ ಗಂಡುಗಂಡುಗಳ ಪ್ರೇಮವನ್ನು ಕಂಡಿತು. ಅದು ಮುಗ್ಧ ಪ್ರೇಮವೆಂದೇ ಫೀಡ್ಲರ್‌ನ ಮಾತು. ನಂತರದವರಿಗೆ ಆ ಸಂಯಮ ಇರಲಿಲ್ಲ. ನಮ್ಮಲ್ಲಿ ನೆರೆಮನೆಯ ಹುಡುಗನನ್ನು ‘ಬಾರೋ ಚಿನ್ನ, ಬಾರೋ ಬಂಗಾರ’ ಎಂದು ಕರೆಯದ ಹಿರಿಯರು ಯಾರಿದ್ದಾರೆ? ಇಬ್ಬರು ಗೆಳೆಯರು ಬೆರಳಿಗೆ ಬೆರಳು ಹೆಣೆದು ಸಂತೆಬೀದಿಯಲ್ಲಿ ನಡೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇರಲಿ. ಜಿಮ್‌ನ ಒಡತಿಗೆ ಬರೆದಿಟ್ಟ ಕಾಗದವನ್ನು ಹಕ್ ಹರಿದು ಹಾಕುವ ಗಳಿಗೆ ಆ ಕಾದಂಬರಿಯ ಹೃದಯ. ಗುಲಾಮನನ್ನು ಹಿಡಿದುಕೊಡದಿದ್ದರೆ ನರಕವೇ ಗತಿಯೆಂದು ಕಲಿತಿದ್ದ ಹುಡುಗ, ಕಣ್ಣಾರೆ ನರಕವನ್ನೇ ಆರಿಸಿಕೊಳ್ಳುತ್ತಾನೆ. ಅದನ್ನು ಬಯಕೆಯ ಲೆಕ್ಕಕ್ಕೆ ಜಮಾ ಮಾಡಿದರೆ ಆ ಹುಡುಗನ ನೈತಿಕ ಧೈರ್ಯಕ್ಕೆ ಏನು ಉಳಿಯಿತು?

ಮರೆಮಾಚಿದ ಬಯಕೆ ಇರಲೇ ಇಲ್ಲವೆನ್ನುವ ಮಡಿವಂತರ ಪಕ್ಷ ನನ್ನದಲ್ಲ. 1895ರಲ್ಲಿ ಆಸ್ಕರ್ ವೈಲ್ಡ್ ತಾನೇ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಎದುರು ಪಕ್ಷದ ವಕೀಲ ಕಾರ್ಸನ್, ‘ಡೋರಿಯನ್ ಗ್ರೇ’ ಕಾದಂಬರಿಯ ಸಾಲುಗಳನ್ನು ಓದಿಯೇ ಅವನನ್ನು ಪಾಟೀಸವಾಲಿಗೆ ಒಳಪಡಿಸಿದ. ಅದೇ ವರ್ಷ ವೈಲ್ಡ್ ಎರಡು ವರ್ಷಗಳ ಕಠಿಣ ಶಿಕ್ಷೆಗೆ ಗುರಿಯಾದ. ಅಂಥ ಕಾಲದಲ್ಲಿ ಬರೆಯುವವರು ಮರೆಮಾಚದೆ ಇನ್ನೇನು ಮಾಡಿಯಾರು? ಇಂಗ್ಲೆಂಡಿನಲ್ಲಿ ಆ ಕಾನೂನು ಸಡಿಲಗೊಂಡದ್ದು 1967ರಲ್ಲಿ, ನಮ್ಮಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2018ರಲ್ಲಿ. ಇ.ಎಂ. ಫಾರ್‌ಸ್ಟರ್ 1914ರಲ್ಲಿ ಬರೆದು ಮುಗಿಸಿದ ‘ಮಾರಿಸ್’ ಕಾದಂಬರಿಯನ್ನು ಆಪ್ತರಿಗಷ್ಟೇ ಓದಲು ಕೊಟ್ಟ. ಅದು ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1971ರಲ್ಲಿ. ಅವನ ಉಳಿದ ಕಾದಂಬರಿಗಳನ್ನು ಅದರ ಬೆಳಕಿನಲ್ಲಿ ಓದುವುದು ನ್ಯಾಯವೇ. 57 ವರ್ಷ ಮುಚ್ಚಿಟ್ಟ ಆ ಹಸ್ತಪ್ರತಿಯನ್ನೂ ಫ್ಲೋರಾಳ ಕೈಯ ಮರದ ಚೂರನ್ನೂ ಒಂದೇ ಕಡತಕ್ಕೆ ಸೇರಿಸುವುದು ಮಾತ್ರ ನನ್ನಿಂದಾಗದು.